ಇನ್ನೂ ನೆಲಕ್ಕೆ ಬೀಳದ ಗುಂಡು

ಸಿನಿಮಾದಲ್ಲಿ ನಾನು ಎಸೆದ ಗುಂಡು ಇನ್ನೂ ನೆಲಕ್ಕೆ ಬಿದ್ದಿಲ್ಲ. ನಂಬಿಕೆ ಬರದಿದ್ದರೆ ನೋಡಿ, ಮೊಬೈಲಿನಲ್ಲೇ ಸಿಗುತ್ತದೆ. ಕಡೆಯ ದೃಶ್ಯದಲ್ಲಿ ನಾನು ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದೇನೆ. ತೊಡೆಗೆ ಪಟ್ಟಿ ಬಿಗಿದಿದೆ. ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ ದೂಡುತ್ತೇನೆ. ಅದು ಕೈಬಿಟ್ಟಿತೋ ಇಲ್ಲವೋ, ಕ್ಯಾಮೆರಾ ಬಂದು ನನ್ನ ಮುಖಕ್ಕೆ ಅಂಟಿಕೊಳ್ಳುತ್ತದೆ. ಹಣೆಯ ಬೆವರು, ಒದ್ದೆ ಕಣ್ಣು, ಗಾಳಿಗೆ ಹಾರುವ ಕೂದಲು, ಹಿಂದೆ ಕೊಳಲು. ಗುಂಡು ಎತ್ತ ಹೋಯಿತೋ ಆ ದೇವರಿಗೇ ಗೊತ್ತು. ಗೋಕಾಕದಲ್ಲಿ ಅದನ್ನು ಮೊದಲ ಸಲ ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ನನ್ನ ತಲೆ ಸವರಿದರು. ಎಷ್ಟು ದೂರ ಬಿತ್ತು ಅಂತ ಒಬ್ಬರಾದರೂ ಕೇಳಬೇಕಲ್ಲ? ಊಹೂಂ.

ನನ್ನದು ಮೇಲವಂಕಿಯ ಕಡೆಯ ಒಕ್ಕಲುತನದ ಮನೆ. ಕಬ್ಬು, ಗೋವಿನಜೋಳ, ಎರಡು ಎಮ್ಮೆ, ಅವ್ವ, ಅಣ್ಣ, ನಾನು. ಚಿಕ್ಕವಳಿದ್ದಾಗ ಬಂದ ಒಂದು ಜ್ವರ ಎರಡೂ ಕಾಲಿನ ಶಕ್ತಿ ತೆಗೆದುಕೊಂಡು ಹೋಯಿತು. ಅಂದಿನಿಂದ ಮನೆಯೊಳಗೆ ನಾನು ಓಡಾಡುವುದು ಕೈ ಮೇಲೆ. ಅಂಗೈ ಊರುವುದು, ಮೈ ಎತ್ತುವುದು, ಮುಂದಕ್ಕೆ ಜಾರುವುದು. ಹಾಗೇ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯುತ್ತೇನೆ, ಹಾಗೇ ಅಂಗಳಕ್ಕೆ ಹೋಗಿ ಎಮ್ಮೆಗೆ ಹೊಟ್ಟು ಹಾಕುತ್ತೇನೆ. ನನ್ನ ಭುಜ ನೋಡಿದ ನಿಡಸೋಸಿ ಕಡೆಯ ಆಟದ ಮಾಸ್ತರರೊಬ್ಬರು, ಇವತ್ತಿಗೂ ನನ್ನ ಕೋಚ್ ಅವರೇ, ಮೊದಲ ದಿನವೇ, "ಇದು ಮಲಗಿಸಿ ಇಡೂ ಭುಜ ಅಲ್ಲವ್ವಾ, ಎಸೆಯೂ ಭುಜ" ಅಂದಿದ್ದರು. ಅವರೇ ಗೋಕಾಕದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಆ ಕಬ್ಬಿಣದ ಕುರ್ಚಿ ಮಾಡಿಸಿದ್ದು. ನನ್ನಂಥವರು ಕೂತೇ ಗುಂಡು ಎಸೆಯಬೇಕು. ಎಸೆಯುವಾಗ ಮೈ ಸೀಟಿನಿಂದ ಏಳಬಾರದು. ಸೀಟು ಇಷ್ಟೇ ಎತ್ತರ ಇರಬೇಕು ಅಂತ ನಿಯಮ. ಹಾಗಾಗಿ ತೊಡೆಗೆ, ಸೊಂಟಕ್ಕೆ ಪಟ್ಟಿ ಬಿಗಿದು ಕುರ್ಚಿಗೆ ಕಟ್ಟುತ್ತಾರೆ. ನೋಡಿದವರಿಗೆ ಯಾವುದೋ ಶಿಕ್ಷೆ ಕೊಡುತ್ತಿದ್ದಾರೆ ಅನಿಸುತ್ತದೆ. ನನಗೆ ಮಾತ್ರ ಆ ಪಟ್ಟಿ ಬಿಗಿದಾಗಲೇ ಉಸಿರು ಸಲೀಸು.

ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕು. ತೆವಳುವುದು ಏನಿದ್ದರೂ ಮನೆಯ ಗೇಟಿನ ಒಳಗೆ. ಗೇಟು ದಾಟಿದರೆ ಗಾಲಿಕುರ್ಚಿ, ಇಲ್ಲವೆಂದರೆ ನನ್ನ ಮೂರು ಗಾಲಿಯ ಸ್ಕೂಟಿ. ಸಣ್ಣಾಕಿದ್ದಾಗ ಓಣಿಯಲ್ಲಿ ಕೈ ಊರಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಕೂತ ಹೆಂಗಸರು ನಾನು ಕಣ್ಣಿಗೆ ಬಿದ್ದ ಕೂಡಲೇ ಮಾತು ನಿಲ್ಲಿಸಿ "ಪಾಪ" ಅನ್ನುತ್ತಿದ್ದರು. ನಾನು ಓಣಿಯ ತುದಿ ಮುಟ್ಟುವವರೆಗೂ ಅದೇ. ಕೆಟ್ಟ ಮನಸ್ಸಿನಿಂದ ಅಂದವರಲ್ಲ, ಗೊತ್ತು. ಆದರೂ ಒಂದು ದಿನ ಎಂಥ ಸಿಟ್ಟು ಬಂತೆಂದರೆ, ಅರ್ಧದಿಂದಲೇ ತಿರುಗಿ ಬಂದು ಅವ್ವನಿಗೆ, "ಇನ್ನ ನಾ ಓಣ್ಯಾಗ ತೆವಳಂಗಿಲ್ಲ, ಹೊತಗೊಂಡು ಹೋಗತಿದ್ದರ ಸಾಲಿಗೆ ಹೋಗತೀನಿ, ಇಲ್ಲಂದ್ರ ಸಾಲೀನೂ ಬ್ಯಾಡ" ಅಂದೆ. ಅವ್ವ ನನ್ನ ಮುಂದೆ ಬೆನ್ನು ಕೊಟ್ಟು ಕೂತಳು. ನಾನು ಏರಿದೆ. ಆಮೇಲೆ ಓಣಿಯ ಮಣ್ಣಿಗೆ ನನ್ನ ಅಂಗೈ ತಾಗಿಲ್ಲ.

ಸಿನಿಮಾ ಮಾಡಲು ಬಂದ ನಿರ್ದೇಶಕರು ದೊಡ್ಡ ಊರಿನವರು. ಅಂಗವಿಕಲ ಆಟಗಾರರ ಸಾಧನೆ ಜನಕ್ಕೆ ಮುಟ್ಟಬೇಕು, ಹಾಗಾಗಿ ಒಂದು ಸಣ್ಣ ಚಿತ್ರ ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ ತಿಂದರು, ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಮೂರನೇ ದಿನ ಮೆಲ್ಲಗೆ ವಿಷಯಕ್ಕೆ ಬಂದರು.

"ಮೇಡಂ, ಒಂದೇ ಒಂದು ಶಾಟ್. ನೀವು ಮನೆಯಿಂದ ಓಣಿಗೆ ತೆವಳಿಕೊಂಡು ಬರೋದು. ಬೆಳಗಿನ ಬೆಳಕಿದೆಯಲ್ಲ, ಅದ್ಭುತವಾಗಿ ಬರುತ್ತೆ."

"ಆಗಂಗಿಲ್ರಿ" ಅಂದೆ.

"ಜನಕ್ಕೆ ನಿಮ್ಮ ನೋವು ಕಾಣಬೇಕಲ್ಲ ಮೇಡಂ."

"ಗುಂಡು ಬೀಳೂದು ಕಾಣ್ಲಿ ಸಾಕ್ರಿ. ಎಲ್ಲಿ ಬಿತ್ತು ಅನ್ನೂದ ತೋರಿಸ್ರಿ. ನಾ ಮಾಡೂದು ಅದನ್ನ."

ಅವರು ನಕ್ಕರು. "ಅದು ಕಬ್ಬಿಣದ ಚೆಂಡು ಮಣ್ಣಿಗೆ ಬೀಳೋದು ಅಷ್ಟೇ ಅಲ್ವಾ ಮೇಡಂ. ಅದರಲ್ಲಿ ಭಾವನೆ ಎಲ್ಲಿದೆ?"

ನೋಡಿದಿರಾ! ಆ ಮಣ್ಣಿನ ಮೇಲೆ ಗುಂಡು ಬೀಳುವ ಜಾಗ ಒಂದು ಗೇಣು ಮುಂದಕ್ಕೆ ಹೋಗಲಿ ಅಂತ ನಾನು ವರ್ಷಗಟ್ಟಲೆ ಭುಜ ತೇಯ್ದಿದ್ದೇನೆ, ಇವರಿಗೆ ಅದರಲ್ಲಿ ಭಾವನೆ ಕಾಣಲಿಲ್ಲ. ತೆವಳುವ ಶಾಟ್ ನಾನು ಕೊಡಲಿಲ್ಲ. ಗುಂಡು ಬೀಳುವ ಶಾಟ್ ಅವರು ಇಡಲಿಲ್ಲ. ಇಬ್ಬರದೂ ಹಟ ಅಲ್ಲಿಗೆ ಸರಿಸಮ ಆಯಿತು.

ಸಿನಿಮಾ ಬಂದ ಮೇಲೆ ಶುರುವಾಯಿತು ನೋಡಿ ಸನ್ಮಾನದ ಸಂತೆ. ಇವತ್ತು ಈ ಊರಿನ ಸಂಘ, ನಾಳೆ ಆ ಊರಿನ ಯುವಕ ಮಂಡಳ, ನಾಡದು ಯಾರದೋ ಹುಟ್ಟುಹಬ್ಬ. ಎಲ್ಲ ಕಡೆ ಒಂದೇ ಕ್ರಮ: ಮೊದಲು ಸಿನಿಮಾ, ಆಮೇಲೆ ಭಾಷಣ, ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲುಗಳನ್ನು ಇಡಲು ಜಾಗ ಸಾಲದೆ ಅವ್ವ ಜೋಳದ ಚೀಲಕ್ಕೆ ಹೊದಿಸಿದಳು. ನನಗಿಂತ ಹೆಚ್ಚು ಆ ಜೋಳಕ್ಕೆ ಸನ್ಮಾನ ಆಯಿತು ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಮೊದಮೊದಲು ಖುಷಿಯೇ ಆಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಗೋಕಾಕದ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡುವುದು ಸಂಜೆ. ಇವರ ಕಾರ್ಯಕ್ರಮ ಇರುವುದೂ ಸಂಜೆ. ವಾರದಲ್ಲಿ ಒಂದು ತಪ್ಪಿತು, ಎರಡು ತಪ್ಪಿತು, ಆಮೇಲೆ ಮೈದಾನಕ್ಕೆ ಹೋದ ದಿನವೇ ಹಬ್ಬ ಅನ್ನುವಂತಾಯಿತು. ಗುಂಡು ಎತ್ತಿದರೆ ಭುಜ ಬಿರುಸಾಗಿ ತಿರುಗುತ್ತಿರಲಿಲ್ಲ. ಕೋಚ್ ಸರ್ ಫೋನಿನಲ್ಲೇ ರೇಗಿದರು: "ಶಾಲು ಹೊತ್ತಕೊಂಡ ಗುಂಡು ಒಗೀತೀ ಏನ?"

ಬೇಡ ಅನ್ನಬಾರದಿತ್ತೇ ಅಂತ ನೀವು ಕೇಳುತ್ತೀರಿ. ಅಂದು ನೋಡಿದೆ. ಅಣ್ಣ ಬಾಗಿಲಲ್ಲೇ ನಿಂತು, "ನಾಕ ಮಂದಿ ಪ್ರೀತೀಲೆ ಕರಿಯಾಕತ್ತಾರ. ಒಲ್ಲೆ ಅಂದ್ರ ಸೊಕ್ಕ ಬಂತು ಅಂತಾರ. ನಿನಗಲ್ಲ, ನನಗ ಅಂತಾರ" ಅಂದ. ಅಣ್ಣ ಕೆಟ್ಟವನಲ್ಲ. ಊರಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ವೇದಿಕೆಗೆ ಕರೆದವರಲ್ಲ. ಈಗ ನನ್ನ ಬಾಜೂ ಅವನಿಗೂ ಒಂದು ಕುರ್ಚಿ ಹಾಕುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವನು ಕೂರುವ ಠೀವಿ ನೋಡಿದ ಮೇಲೆ ನಾನೂ ಹೂಂ ಅಂದುಬಿಡುತ್ತಿದ್ದೆ. ಬೈಯುವವರ ಬಾಯಿ ಮುಚ್ಚಿಸಬಹುದು. ಹಾರ ಹಾಕುವವರ ಕೈ ಹೇಗೆ ತಡೆಯುವುದು? ನಾನು ಎಲ್ಲಿಂದ ಹೊರಗೆ ಹೋಗಲಿ ಅಂತ ಹುಡುಕುತ್ತಿದ್ದೆ, ಎಲ್ಲ ಬಾಗಿಲಲ್ಲೂ ಒಬ್ಬರು ಹಾರ ಹಿಡಿದು ನಿಂತಿದ್ದರು.

ಹೀಗಿರುವಾಗ ರಾಜ್ಯ ತಂಡದ ಆಯ್ಕೆ ಬಂತು. ಹುಕ್ಕೇರಿ ಕಡೆಯ ಒಂದು ಮೈದಾನದಲ್ಲಿ, ಮಧ್ಯಾಹ್ನದ ಮೇಲೆ. ಅದರಲ್ಲಿ ಆಯ್ಕೆಯಾದರೆ ರಾಷ್ಟ್ರಮಟ್ಟಕ್ಕೆ. ಹಿಂದಿನ ಎರಡು ಸಲ ಸ್ವಲ್ಪದರಲ್ಲೇ ತಪ್ಪಿತ್ತು. ನನ್ನ ಬಲಭುಜ ಸವೆಯುತ್ತಿದೆ, ಬಹಳ ವರ್ಷ ನಡೆಯುವುದಿಲ್ಲ ಅಂತ ಡಾಕ್ಟರು ಆಗಲೇ ಹೇಳಿದ್ದರು. ಇದು ತಪ್ಪಿದರೆ ಮುಗಿಯಿತು ಅಂತ ನನಗೂ ಗೊತ್ತಿತ್ತು, ಕೋಚ್ ಸರ್‌ಗೂ ಗೊತ್ತಿತ್ತು. ಅದೇ ದಿನ ಬೆಳಿಗ್ಗೆ ಮೂಡಲಗಿಯಲ್ಲಿ ಒಂದು ಸಂಘದವರು ನನಗೆ ಸನ್ಮಾನ ಇಟ್ಟಿದ್ದರು. ಅಣ್ಣ ನನ್ನನ್ನು ಕೇಳದೆ ಹೂಂ ಅಂದು ಬಂದಿದ್ದ.

ನಾನು ಕೂಗಾಡಿದೆ. ತಟ್ಟೆ ಎಸೆದೆ. ಸಂಘದವರೇ ಮನೆಗೆ ಬಂದು ಕೈ ಮುಗಿದರು. "ಹತ್ತಕ್ಕ ಸುರು, ಹನ್ನೆರಡಕ್ಕ ಮುಗೀತೈತ್ರಿ. ನಮ್ಮ ಗಾಡ್ಯಾಗ ನೆಟ್ಟಗ ಹುಕ್ಕೇರಿಗೆ ನಾವ ಮುಟ್ಟಸ್ತೇವಿ. ನಿಮ್ಮ ಆಟದ ಕುರ್ಚೀನೂ ನಾವ ತರತೇವಿ" ಅಂದರು. ಅಂದವರೇ, ಜನರಿಗೆ ತೋರಿಸಬೇಕೆಂದು ಆ ಕಬ್ಬಿಣದ ಕುರ್ಚಿಯನ್ನು ಹಿಂದಿನ ದಿನವೇ ಒಯ್ದರು. ಅಲ್ಲಿಗೆ ನನ್ನ ಜುಟ್ಟು ಅವರ ಕೈಗೆ ಸಿಕ್ಕಿತು. ಕುರ್ಚಿ ಇಲ್ಲದೆ ಮೈದಾನಕ್ಕೆ ಹೋಗಿ ಏನು ಮಾಡಲಿ?

ಮೂಡಲಗಿಗೆ ಹೋಗಿ ವೇದಿಕೆ ನೋಡಿದವಳೇ ಹಣೆ ಬಡಿದುಕೊಂಡೆ. ನನ್ನ ಕುರ್ಚಿಗೆ ಬಂಗಾರದ ಬಣ್ಣ ಹೊಡೆದಿದ್ದರು. ಸೀಟಿನ ಮೇಲೆ ಕೆಂಪು ಮಖಮಲ್ಲಿನ ದಪ್ಪ ಗಾದಿ, ಅದನ್ನು ಸುತ್ತಲೂ ಗಟ್ಟಿ ದಾರದಿಂದ ಹೊಲಿದು ಕಬ್ಬಿಣಕ್ಕೆ ಬಿಗಿದಿದ್ದರು. ವಿಭೂತಿ, ಕುಂಕುಮ, ಭಂಡಾರದ ಅರಿಶಿನ ಹಚ್ಚಿ, ಊದಿನಕಡ್ಡಿ ಚುಚ್ಚಿ, ಕಾಯಿ ಒಡೆದು ಪೂಜೆಯೂ ಆಗಿತ್ತು. "ಬರೀ ಕಬ್ಬಿಣದ ಮ್ಯಾಲ ನಿಮ್ಮನ್ನ ಹೆಂಗ ಕೂಡಸೂದ್ರಿ? ಚುಚ್ಚತೈತಲ್ರಿ" ಅಂದರು ಸಂಘದವರು, ಮುಖದ ತುಂಬ ಸಂತೋಷ. ಬೈಯಲು ಬಾಯಿ ತೆರೆದೆ. ಆ ಮುಖ ನೋಡಿ ಮುಚ್ಚಿಕೊಂಡೆ.

ವೇದಿಕೆಗೆ ಮೆಟ್ಟಿಲು. ನಾಲ್ಕು ಜನ ನನ್ನನ್ನು ಹೊತ್ತು ಮೇಲೆ ಕೂರಿಸಿದರು. ಹೀಗೆ ಅಕ್ಕಿಯ ಮೂಟೆಯಂತೆ ಎತ್ತಿಸಿಕೊಳ್ಳುವುದು ನನಗೆ ಒಂಚೂರೂ ಸೇರುವುದಿಲ್ಲ. ನನ್ನ ಗಾಲಿಕುರ್ಚಿ ಅವರ ಗಾಡಿಯಲ್ಲೇ ಉಳಿಯಿತು, ಆ ಗಾಡಿ ಮುಖ್ಯ ಅತಿಥಿಯನ್ನು ಕರೆತರಲು ಹೋಯಿತು. ಅತಿಥಿ ಬಂದದ್ದು ಹನ್ನೆರಡು ಹೊಡೆದ ಮೇಲೆ. ಆಮೇಲೆ ದೀಪ, ಸ್ವಾಗತ, ಪ್ರಾಸ್ತಾವಿಕ, ಒಬ್ಬರಾದ ಮೇಲೆ ಒಬ್ಬರ ಭಾಷಣ. "ಕಾಲಿಲ್ಲದಿದ್ದರೇನು, ಇಡೀ ಜಗತ್ತನ್ನೇ ಗೆದ್ದ ವೀರ ಮಹಿಳೆ" ಅಂದರು ಒಬ್ಬರು. ಎಲ್ಲಪ್ಪಾ ಗೆದ್ದೆ? ಗೆಲ್ಲಲು ಬಿಟ್ಟರೆ ತಾನೆ! ಪರದೆ ಇಳಿಸಿ ಸಿನಿಮಾ ಹಾಕಿದರು. ಗುಂಡು ಹಾರಿತು, ಬೀಳಲಿಲ್ಲ, ಚಪ್ಪಾಳೆ ಬಿತ್ತು. ನನ್ನ ಮೈಮೇಲೆ ಶಾಲು ಹೊದಿಸಿ ಎರಡೂ ತೋಳು ಒಳಗೆ ಸಿಕ್ಕಿಸಿದರು. ಮೇಲೆ ಗಲ್ಲಕ್ಕೆ ತಾಗುವಷ್ಟು ಹಾರ. ತೊಡೆಯ ಮೇಲೆ ಸೇಬಿನ ಬುಟ್ಟಿ. ಮೂಗು ತುರಿಸಿದರೆ ಕೆರೆದುಕೊಳ್ಳಲೂ ಆಗದು. ನನ್ನ ಫೋನು ಅಣ್ಣನ ಕಿಸೆಯಲ್ಲಿತ್ತು. ಅವನು ಅದನ್ನು ಮತ್ತೆ ಮತ್ತೆ ತೆಗೆದು ನೋಡಿ ಮತ್ತೆ ಒಳಗೆ ಇಡುತ್ತಿದ್ದ. ಕೋಚ್ ಸರ್ ಕರೆ ಅಂತ ನನಗೆ ನೋಡದೆಯೇ ಗೊತ್ತಾಯಿತು.

"ಅಣ್ಣಾ, ಹೊತ್ತಾತು. ಇಳಸಾಕ ಹೇಳು" ಅಂದೆ.

"ಡೊಳ್ಳಿನ ಪದ ಒಂದ ಉಳಿದೈತಿ. ನಿನ್ನ ಮ್ಯಾಲ ಕಟ್ಯಾರಂತ."

ಮುಗಿಯಿತು ನನ್ನ ಕತೆ ಅಂದುಕೊಂಡೆ. ನಮ್ಮ ಕಡೆ ಡೊಳ್ಳಿನ ಪದ ಅಂದರೆ ದೇವರ ಮುಂದಿನ ಹಾಡು. ಕುರುಬರ ಮೇಳ, ಹೆಗಲಿಗೆ ಡೊಳ್ಳು, ಹಣೆಗೆ ಭಂಡಾರ. ಪದ ಶುರುವಾಯಿತೆಂದರೆ ಕಡೆಗೆ ಮಂಗಳ ಹಾಡುವವರೆಗೂ ಮುಂದೆ ಕೂತವರು ಏಳಬಾರದು. ಎದ್ದರೆ ದೇವರಿಗೂ ಅವಮಾನ, ಹಾಡುವವರಿಗೂ ಅವಮಾನ. ಹೊಗಳಿಸಿಕೊಳ್ಳುವವಳಂತೂ ಏಳಲೇಬಾರದು. ಪದಕ್ಕೆ ಇಷ್ಟೇ ಹೊತ್ತು ಅಂತ ಲೆಕ್ಕವಿಲ್ಲ. ಜನರಿಗೆ ರಂಗೇರಿತೋ, ಹಾಡುವವರು ಎಳೆಯುತ್ತಲೇ ಹೋಗುತ್ತಾರೆ.

ಮೇಳದ ಹಿರಿಯ ಗಾಯಕರು, ಧೋತರ, ತಲೆಗೆ ಸುತ್ತಿದ ಕೆಂಪು ಪಟಗ, ಬಿಳಿ ಮೀಸೆಯ ಕಾಕಾ, ಕಿವಿಗೆ ಕೈ ಇಟ್ಟು ಎತ್ತಿಕೊಂಡರು. ನಿಜವಾದ ದನಿ, ಎದೆ ನಡುಗಿಸುವ ದನಿ. ಆದರೆ ಪದ? ಹುಟ್ಟಿದ ಮಗಳಿಗೆ ಜ್ವರ ಬಂತೋ, ಹಡೆದವ್ವ ಅತ್ತಳೋ, ದೇವರು ಕಾಲು ಕಸಿದನೋ, ಅತ್ತಳೋ, ಕೂಸು ತೆವಳಿತೋ, ಅತ್ತಳೋ. ಒಂದೊಂದು ನುಡಿಗೂ ಡೊಳ್ಳು ಗುಡುಗುತ್ತಿತ್ತು, ಹೆಂಗಸರು ಮೂಗು ಒರೆಸುತ್ತಿದ್ದರು, ಜನ ಎದ್ದು ಬಂದು ಕಾಕಾನ ಹೆಗಲಿಗೆ ಟವೆಲ್ ಹೊದಿಸುತ್ತಿದ್ದರು. ಟವೆಲ್ ಬಿದ್ದಂತೆಲ್ಲ ಅದೇ ನುಡಿ ಮತ್ತೊಮ್ಮೆ. ಮೇಳದವನೊಬ್ಬ ಬಂದು ಶಾಲಿನೊಳಗಿಂದ ನನ್ನ ಎರಡೂ ಅಂಗೈ ಹೊರಗೆಳೆದು ಭಂಡಾರ ಸುರಿದು, ಮತ್ತೆ ಒಳಗೆ ಸಿಕ್ಕಿಸಿ ಹೋದ. ಪೆಂಡಾಲಿನ ನೆರಳು ವೇದಿಕೆಯ ಈ ತುದಿಯಿಂದ ನಡುವಿಗೆ ಬಂದಿತ್ತು. ಹುಕ್ಕೇರಿಯಲ್ಲಿ ಹೆಸರು ಕೂಗುವ ಹೊತ್ತು ಹತ್ತಿರವಾಗುತ್ತಿತ್ತು. ನಡುವೆ ಗೋಕಾಕ ದಾಟಬೇಕು.

"ಅಣ್ಣಾ, ನನಗ ಹೋಗಬೇಕು."

"ಮಂಗಳ ಆಗೂತನಾ ತಡಿ. ದೇವರ ಪದ ಐತಿ."

"ಅಣ್ಣಾ, ನಿನ್ನ ಕಾಲ ಬೀಳತೀನಿ."

"ಹಲ್ಲ ಕಿಸಿ ಒಂಚೂರ. ಫೋಟೋ ತಗೀಲಿಕ್ಕತ್ತಾರ."

ಸುತ್ತ ಇಷ್ಟು ಜನ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಎಲ್ಲರಿಗೂ ನನ್ನ ಮೇಲೆ ಪ್ರೀತಿ. ಹೊರಗೆ ಹೋಗಲು ನನಗೆ ಮಾತ್ರ ದಾರಿಯಿಲ್ಲ. ಗಾಲಿಯಿಲ್ಲ, ಫೋನಿಲ್ಲ, ತೋಳು ಕೂಡ ಶಾಲಿನೊಳಗೆ. ಅಳು ಬಂತು. ಅದನ್ನು ನೋಡಿ ಮುಂದಿನ ಸಾಲಿನವರು ಇನ್ನಷ್ಟು ಅತ್ತರು, ಪದ ನನಗೆ ತಾಗಿದೆ ಅಂದುಕೊಂಡು. ಅಯ್ಯ ನಿಮ್ಮ! ಆಗ ನನ್ನ ತಲೆ ಕೆಟ್ಟೇ ಹೋಯಿತು.

ಮೈ ಕೊಡವಿದೆ. ಬುಟ್ಟಿ ಉರುಳಿ ಸೇಬುಗಳು ವೇದಿಕೆಯ ತುಂಬ ಓಡಿದವು. ಹಾರ ಕಿತ್ತೆ, ಶಾಲು ಎಳೆದು ಬಿಸಾಕಿದೆ. ಆ ಮಖಮಲ್ಲಿನ ಗಾದಿಯಿಂದ ಕೆಳಗೆ ಜಾರಿ ಅಂಗೈ ಊರಿದೆ. ಹಲಗೆ ಒರಟಾಗಿತ್ತು. ಅಂಗೈ ಊರುವುದು, ಮೈ ಎತ್ತುವುದು, ಮುಂದಕ್ಕೆ ಜಾರುವುದು. ಗೇಟು ದಾಟಿ ಇಷ್ಟು ವರ್ಷ ಮಾಡದೆ ಇದ್ದದ್ದನ್ನು, ಬೆಳಗಿನ ಬೆಳಕಿನಲ್ಲಿ ಆ ಸಿನಿಮಾದವರಿಗೆ ಕೊಡದೆ ಇದ್ದದ್ದನ್ನು, ಮೂಡಲಗಿಯ ಜನರೆಲ್ಲರ ಮುಂದೆ ಹಾಡಹಗಲೇ ಮಾಡಿದೆ. ಪೆಂಡಾಲಿನಲ್ಲಿ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು. "ಪಾಪ" ಅನ್ನುವ ಮಾತು ಓಣಿಯಲ್ಲಿ ಕೇಳಿದಂತೆಯೇ ಕೇಳಿಸಿತು, ಬಾಯಿಗಳು ಮಾತ್ರ ಹೆಚ್ಚು.

ಅಣ್ಣ ಓಡಿಬಂದ. "ಏನ ಮಾಡಾಕತ್ತಿ? ಮಂದಿ ನೋಡಾಕತ್ತಾರ!"

"ನೋಡ್ಲಿ. ನೋಡಾಕಲ್ಲೇನ ಕರಿಸಿದ್ದು?"

ಮೊದಲ ಮೆಟ್ಟಿಲಿಗೆ ಇಳಿಯುವಾಗ ಡೊಳ್ಳು ನಿಂತಿತು. ಕಾಕಾ ನನ್ನನ್ನೇ ನೋಡುತ್ತಿದ್ದರು, ಕೈ ಇನ್ನೂ ಕಿವಿಯ ಮೇಲೆ. ಅವಮಾನವಾಯಿತೆಂದು ಬೈಯುತ್ತಾರೆ ಅಂದುಕೊಂಡೆ. ಅವರು ನುಡಿಯನ್ನು ಅಲ್ಲಿಗೇ ಬಿಟ್ಟು ದನಿ ಇಳಿಸಿ ಮಂಗಳ ಎತ್ತಿಕೊಂಡರು. ಮೇಳದವರು ಮುಖ ಮುಖ ನೋಡಿಕೊಂಡು ಸೊಲ್ಲು ಕೂಡಿಸಿದರು. ಅರ್ಧ ಪದಕ್ಕೆ ಮಂಗಳ ಹಾಡಿದ್ದನ್ನು ನಮ್ಮ ಕಡೆ ಯಾರೂ ಕೇಳಿರಲಿಕ್ಕಿಲ್ಲ. ನಾಲ್ಕು ಸಾಲು, ಮುಗಿಯಿತು.

"ಮಂಗಳ ಆತು. ಇನ್ನ ಯಾರ ಎದ್ದು ಹೋದರೂ ದೇವರು ಏನೂ ಅನ್ನಂಗಿಲ್ಲ" ಅಂದರು ಜನರಿಗೆ. ಆಮೇಲೆ ನನ್ನ ಕಡೆ ಬಾಗಿದರು. "ಎಲ್ಲಿಗೆ ಹೋಗಬೇಕವಾ ತಂಗಿ?"

"ಹುಕ್ಕೇರಿಗ್ರಿ ಕಾಕಾ. ಇವತ್ತ ತಪ್ಪಿದರ ಮುಗೀತು."

ಅವರ ಮೇಳದ ಸಾಮಾನಿನ ಗಾಡಿ ಪೆಂಡಾಲಿನ ಹಿಂದೆ ನಿಂತಿತ್ತು. ಕುರಿ ಸಾಗಿಸುವ ಗಾಡಿ ಅದು, ಡೊಳ್ಳಿಗೂ ಅದೇ. ಮೇಳದವರು ಬಂಗಾರದ ಬಣ್ಣದ ಕುರ್ಚಿಯನ್ನು ಹಿಂದೆ ಹಾಕಿದರು. ನನ್ನನ್ನು ಎತ್ತಲು ಬಂದಾಗ ಬೇಡವೆಂದು, ಗಾಡಿಯ ಕಂಬಿ ಹಿಡಿದು ನಾನೇ ಸೀಟಿಗೆ ಏರಿದೆ, ಕಾಕಾ ಬಂದು ಪಕ್ಕದಲ್ಲಿ ಕೂತರು. ಅಣ್ಣ ನನ್ನ ಫೋನು ಕೈಗೆ ಕೊಟ್ಟ, ಗಾಡಿ ಮಾತ್ರ ಹತ್ತಲಿಲ್ಲ. ಗೋಕಾಕದ ಸಂದಣಿಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಬಿದ್ದಾಗ ನಾನು ಗಾಡಿ ಓಡಿಸುವವನಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಘಟಪ್ರಭಾ ದಾಟಿದ ಮೇಲೆ ಕಾಕಾ ಮೆಲ್ಲಗೆ ಕೇಳಿದರು:

"ಪದ ನಿನಗ ಸೇರಲಿಲ್ಲಲ್ಲ?"

"ಇಲ್ರಿ."

"ಸಿನಿಮಾ ನೋಡಿ ಕಟ್ಟಿದೆ ತಂಗಿ. ಅದರಾಗ ಗುಂಡು ಬಿದ್ದದ್ದ ಕಾಣಲಿಲ್ಲ. ನೀ ಅಳೂದ ಕಾಣತು. ಕಂಡದ್ದ ಹಾಡಿದೆ."

ಸಿಟ್ಟು ಮಾಡಲು ಏನೂ ಉಳಿಯಲಿಲ್ಲ. "ಇವತ್ತ ನೋಡ್ರಿ ಕಾಕಾ" ಅಂದೆ.

ಮೈದಾನ ಮುಟ್ಟಿದಾಗ ಹೆಂಗಸರ ಎಸೆತ ಮುಗಿಯುತ್ತಾ ಬಂದಿತ್ತು. ಕೋಚ್ ಸರ್ ಅಧಿಕಾರಿಗಳ ಮುಂದೆ ಕೈ ಮುಗಿದು ನಿಂತಿದ್ದರು. ನನ್ನನ್ನು ಕಂಡವರೇ, "ಎಲ್ಲಿ ಸತ್ತಿದ್ದಿ!" ಅಂದರು, ಆಮೇಲೆ ಕುರ್ಚಿ ಕಂಡು, "ಇದೇನ ಅವತಾರ!" ಅಂದರು. ಅಧಿಕಾರಿ ಟೇಪು ಹಿಡಿದು ಸೀಟಿನ ಎತ್ತರ ಅಳೆದರು, ತಲೆ ಅಲ್ಲಾಡಿಸಿದರು. ಗಾದಿಯಿಂದಾಗಿ ಎತ್ತರ ಮಿತಿ ಮೀರಿತ್ತು. ತೆಗೆಯದಿದ್ದರೆ ಎಸೆಯುವಂತಿಲ್ಲ. ಎಳೆದರೆ ಬರುವುದಿಲ್ಲ, ಅಷ್ಟು ಪ್ರೀತಿಯಿಂದ ಹೊಲಿದಿದ್ದರು ಪುಣ್ಯಾತ್ಮರು. ಕಾಕಾ ಗಾಡಿಯಿಂದ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದರು. ಮೊಣಕಾಲೂರಿ ಕೂತು ಸುತ್ತಲಿನ ದಾರವನ್ನು ಕುರಿಯ ಮೈ ಬೋಳಿಸುವ ಹಾಗೆ ಚಕಚಕ ಕತ್ತರಿಸಿ, ಮಖಮಲ್ಲನ್ನು ಒಂದೇ ಎಳೆತಕ್ಕೆ ಕಿತ್ತು ಬಿಸಾಕಿದರು. ಕೆಳಗೆ ನನ್ನ ಹಳೆಯ ಕಬ್ಬಿಣ ಕಂಡಿತು. ಅದರ ಮೇಲೆ ಕೂತೆ. ಚುಚ್ಚಿತು. ಎಷ್ಟು ಹಿತವಾಯಿತೋ!

ಕೋಚ್ ಸರ್ ಪಟ್ಟಿ ಬಿಗಿದರು. ತೊಡೆ, ಸೊಂಟ, ಮತ್ತೆ ತೊಡೆ. ಬೆಳಗಿನಿಂದ ಮೊದಲ ಸಲ ನಾನು ಪೂರ್ತಿ ಉಸಿರು ತೆಗೆದುಕೊಂಡೆ. ಮೊದಲ ಎಸೆತ ಹಾಳಾಯಿತು. ಅಂಗೈಯ ಭಂಡಾರ ಇನ್ನೂ ಹೋಗಿರಲಿಲ್ಲ, ಗುಂಡು ಜಾರಿ ಪಕ್ಕಕ್ಕೆ ಬಿತ್ತು. ಮಣ್ಣಿಗೆ ಅಂಗೈ ತಿಕ್ಕಿ ತಿಕ್ಕಿ ಒರೆಸಿದೆ. ಎರಡನೆಯದು ನೆಟ್ಟಗೆ ಹೋಯಿತು, ಸಾಲದಾಯಿತು. ಭುಜದೊಳಗೆ ಸೂಜಿ ಆಡಿಸಿದಂತೆ ನೋವು. ಆಮೇಲಿನದಕ್ಕೆ ನಾನು ಏನನ್ನೂ ಯೋಚಿಸಲಿಲ್ಲ ಅಂದರೆ ಸುಳ್ಳಾದೀತು. ಆ ಕೊಳಲು, ಆ ಶಾಲು, "ಹಲ್ಲ ಕಿಸಿ ಒಂಚೂರ" ಅಂದ ಅಣ್ಣ, ಮೇಲೆದ್ದ ಮೊಬೈಲುಗಳು, ಎಲ್ಲ ನೆನಪಾಯಿತು. ಎಲ್ಲದರ ಸಿಟ್ಟೂ ಸೇರಿಸಿ ದೂಡಿದೆ.

"ಅಲ್ಲಿ ಬಿತ್ತು! ಅಲ್ಲಿ!" ಅಂತ ಕಾಕಾ ಕೂಗಿದರು. ಮೈದಾನದ ಅಂಚಿನಲ್ಲಿ ನಿಂತು ಬೆರಳು ಚಾಚಿ, ಮೊದಲ ಸಲ ಮಳೆಬಿಲ್ಲು ಕಂಡ ಕೂಸಿನ ಹಾಗೆ ಕುಣಿಯುತ್ತಿದ್ದರು. ಮಣ್ಣಿನಲ್ಲಿ ಗುಂಡು ಒಂದು ಕುಳಿ ಮಾಡಿತ್ತು. ಅಧಿಕಾರಿ ಟೇಪು ಹಿಡಿದು ಬಾಗಿದರು. ಕೋಚ್ ಸರ್ ಓದಿ ನೋಡಿ ನನ್ನ ಕಡೆ ತಿರುಗಿದರು, ಎರಡೂ ಕೈ ಮೇಲೆತ್ತಿದರು. ನನ್ನ ಜೀವನದ ಅತಿ ಉದ್ದದ ಎಸೆತ. ನಾನು ಆಯ್ಕೆಯಾದೆ. ಅದರ ಒಂದು ಫೋಟೋ ಇಲ್ಲ, ವಿಡಿಯೋ ಇಲ್ಲ. ಕೋಚ್ ಸರ್ ಕೈ ಬಿಡುವಿರಲಿಲ್ಲ, ಕಾಕಾ ಹತ್ತಿರ ಇರುವುದು ಗುಂಡಿ ಒತ್ತುವ ಫೋನು.

ಮೂಡಲಗಿಯದ್ದು ಮಾತ್ರ ನನಗಿಂತ ಮೊದಲೇ ಊರು ಮುಟ್ಟಿತ್ತು. ನಾನು ತೆವಳಿ ಮೆಟ್ಟಿಲು ಇಳಿಯುವುದು, ಉರುಳುವ ಸೇಬುಗಳು, ಹಿಂದೆ ಯಾರೋ ಸೇರಿಸಿದ ಅಳುವ ಸಂಗೀತ. ಸಿನಿಮಾ ನೋಡದವರೂ ಅದನ್ನು ನೋಡಿದ್ದರು. ಮರುದಿನ ಬೆಳಗಿನಿಂದಲೇ ಫೋನು. ಒಂದು ಸಂಘದವರು ಬ್ಯಾನರ್ ಚಿತ್ರವನ್ನೂ ಕಳಿಸಿದರು: ತೆವಳುತ್ತಿರುವ ನಾನು, ಸುತ್ತ ಅವರೆಲ್ಲರ ನಗುಮುಖ, ಕೆಳಗೆ "ಛಲಗಾತಿಗೆ ಭವ್ಯ ಸನ್ಮಾನ". ಅಣ್ಣ ಹಿತ್ತಲಲ್ಲಿ ಎಮ್ಮೆ ತೊಳೆಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಮರ್ಯಾದೆ ಹೋಯಿತು ಅಂತ ಅವನಿಗೆ, ಎಲ್ಲವೂ ಹೋಗುತ್ತಿತ್ತಲ್ಲ ಅಂತ ನನಗೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ನಾನು ಅದನ್ನು ಜೋಳದ ಚೀಲದ ಮೇಲೆ, ಶಾಲುಗಳ ಕೆಳಗೆ ತುರುಕಿ ಅಂಗಳಕ್ಕೆ ತೆವಳಿಕೊಂಡು ಬಂದೆ.

ಅವ್ವ ಕಸ ಹೊಡೆಯುತ್ತಿದ್ದಳು. ಅವಳು ಒಂದು ದಿನವೂ ನನ್ನ ಆಟ ನೋಡಿದವಳಲ್ಲ. ಎಮ್ಮೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಪೊರಕೆ ನಿಲ್ಲಿಸಿ ನೋಡಿದಳು.

"ಓಣ್ಯಾಗಿನವರು ಎಲ್ಲಾರೂ ಬಂದು ಫೋನ್ಯಾಗ ತೋರಿಸಿದರು" ಅಂದಳು.

ನಾನು ಅಂಗೈಯ ಮಣ್ಣು ಕೊಡವಿದೆ.

"ನೀ ತೆವಳೂದ ತೋರಿಸಿದರು. ಅದನ್ನ ನಾ ದಿನಾ ನೋಡತೀನಿ. ಗುಂಡು ಎಲ್ಲಿ ಬಿತ್ತು ಕೇಳಿದರ ಒಬ್ಬರಿಗೂ ಗೊತ್ತಿಲ್ಲ." ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಎಲ್ಲಿ ಬಿತ್ತು?"

ನಾನು ಬಾಗಿಲ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತೆ. "ಇಲ್ಲಿಂದ ಒಗದೆ ಅಂತ ತಿಳಿ. ನೀ ಹೋಗಿ ನಿಲ್ಲು, ಹೇಳತೀನಿ."

ಅವ್ವ ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತಳು. "ಇಲ್ಲೇನ?"

"ಇನ್ನೂ ಆಚೆ."

ಎಮ್ಮೆಯ ಗೂಟದ ಹತ್ತಿರ ಹೋದಳು. "ಇಲ್ಲಿ?"

"ಇನ್ನೂ."

ಹಿಂದೆ ಹಿಂದೆ ಸರಿದು ಅವಳ ಬೆನ್ನು ಗೇಟಿಗೆ ತಾಗಿತು. ತಿರುಗಿ ಗೇಟು ನೋಡಿದಳು, ನನ್ನನ್ನು ನೋಡಿದಳು. "ಜಾಗಾನ ಮುಗೀತಲ್ಲ ಮಗಳ."

"ಇನ್ನೂ ಬೇಕು" ಅಂದೆ.

ಅವ್ವ ಚಿಲಕ ತೆಗೆದಳು. ಗೇಟು ದಾಟಿ ಓಣಿಗೆ ಹೋದಳು. ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಓಣಿಯ ನಡುವೆ, ಮಣ್ಣಿನಲ್ಲಿ ಕಾಲೂರಿ ನಿಂತು, ಅವರಿಗೂ ಕೇಳುವ ಹಾಗೆ ಕೂಗಿದಳು:

"ಇಲ್ಲೇನ?"

"ಹೂಂ ಬೇ" ಅಂದೆ. "ಅಲ್ಲೇ ಬಿತ್ತು."